ಬಸ್ಸಿಗೆ ಹತ್ತಿಸಿದವರು

ಪಾತ್ರೆಯ ಮೇಲೆ ಮುಚ್ಚಳ ಕೂತ ಸದ್ದೂ ಬರಲಿಲ್ಲವಲ್ಲ, ಅವ್ವ ಉಸಿರು ಬಿಗಿಹಿಡಿದು ಅಡುಗೆ ಮಾಡುತ್ತಿದ್ದಾಳೆ ಅಂದುಕೊಂಡಳು ರಂಜಿನಿ, ಮಗಳು ಪಿಎಚ್.ಡಿ ಬರೆಯುತ್ತಾಳೆಂದು ಚನ್ನರಾಯಪಟ್ಟಣದ ಈ ಪುಟ್ಟ ಮನೆಯಲ್ಲಿ ಟಿವಿ ಹಾಕಿ ಎಷ್ಟು ದಿನವಾಯಿತೋ, ಇಲ್ಲಿ ನೋಡಿದರೆ ಲ್ಯಾಪ್‌ಟಾಪಿನ ಪರದೆ ಮೇಲೆ ಉಪಸಂಹಾರ ಎಂಬ ಒಂದೇ ಪದ, ಕೆಳಗೆಲ್ಲ ಬಿಳಿ — ಸಾರಾಂಶ ಮತ್ತೆ ಬರೀಬೇಡಿ ರಂಜಿನಿ, ನಿಮಗೆ ಸಿಕ್ಕಿದ್ದೇನು ಅದನ್ನ ಹೇಳಿ, ಅಂದಿದ್ದರು ಗೈಡ್ ಮೋಹನ್‌ಕುಮಾರ್ ಸರ್, ಹಾಸನದ ಕಾಲೇಜಿನ ಮೆಟ್ಟಿಲಿಳಿಯುತ್ತ — ಏನು ಸಿಕ್ಕಿತು, ಪ್ರಬಂಧದ ವಿಷಯ ಹಾಸ್ಟೆಲಿನಲ್ಲಿದ್ದು ಓದಿದ ಹೆಣ್ಣುಮಕ್ಕಳು, ಹೊಳೆನರಸೀಪುರದ ನರ್ಸ್ ಆಶಾರಾಣಿ, ಅರಕಲಗೂಡಿನ ಟೀಚರ್ ಪುಟ್ಟತಾಯಮ್ಮ, ಎಲ್ಲರ ಮಾತೂ ಟೈಪಾಗಿದೆ, ಸ್ಕಾಲರ್‌ಶಿಪ್ಪು, ಊಟ, ಚಳಿಗಾಲದ ತಣ್ಣೀರಿನ ಸ್ನಾನ, ಆದರೂ ಒಬ್ಬಳು ಯಾಕೆ ಉಳಿದಳು, ಇನ್ನೊಬ್ಬಳು ಯಾಕೆ ಬಿಟ್ಟಳು — ಏನ್ ಮಗ, ನಿಂತೋಯ್ತಾ? ಅವ್ವ ಲಕ್ಷ್ಮಿದೇವಮ್ಮ ಬಾಗಿಲಲ್ಲಿ, ಸೆರಗಿಗೆ ಕೈ ಒರೆಸುತ್ತ — ಕೊನೇದೇ ಬತ್ತಿಲ್ಲ ಕಣವ್ವ, ನೀ ಯಾಕವ್ವ ಏಳ್ನೇ ಕ್ಲಾಸಿಗೇ ಹಾಸ್ಟೆಲ್ ಬಿಟ್ಟೆ? ಬಾಯಿಂದ ಹೇಗೆ ಬಂತೋ, ಊರೂರಿನ ಹೆಂಗಸರನ್ನು ಕೇಳಿದವಳು ಅವ್ವನನ್ನು ಕೇಳಿರಲಿಲ್ಲ, ಬಡತನ ಅಂತ ತಾನೇ ತೀರ್ಮಾನಿಸಿಬಿಟ್ಟಿದ್ದಳು.

ಅವ್ವ ನಕ್ಕಳು, ಬಿಡೋದೇನ್ ಬಂತು, ಅಬ್ಬದ ರಜ ಮುಗುದಿತ್ತು, ಹಾಸ್ಟೆಲ್‌ಗ್ ಓಗಕ್ಕೆ ಕೊಣನೂರ್ ಬಸ್‌ಸ್ಟ್ಯಾಂಡಲ್ಲಿ ಟ್ರಂಕ್ ಇಕ್ಕಂಡ್ ಒಬ್ಳೇ ಕುಂತಿದ್ದೆ, ನಮ್ಮಪ್ಪ ಕೂಲಿಗ್ ಓಗಿತ್ತು, ಬಸ್ ಬಂತು, ಹತ್ತು ಅನ್ನೋರಿರ್ನಿಲ್ಲ, ಭಯ ಆಯ್ತು, ಬಸ್ ಓಯ್ತು, ಮನೆಗ್ ಬಂದೆ, ಯಾಕ್ ಬಂದೆ ಅಂತ್ಲೂ ಯಾರೂ ಕೇಳ್ನಿಲ್ಲ ಕಣ್ ಮಗ — ಒಲೆ ಮೇಲೆ ಸಾರು ಉಕ್ಕಿತೆಂದು ಅವ್ವ ಒಳಗೆ ಓಡಿದಳು, ರಂಜಿನಿ ಸಂದರ್ಶನಗಳ ಹಳೆಯ ಟಿಪ್ಪಣಿ ತೆರೆದಳು, ಆಶಾರಾಣಿಯನ್ನು ಅಣ್ಣ ಸೈಕಲ್ಲಿನಲ್ಲಿ ಬಸ್ಸಿನವರೆಗೆ ಬಿಡುತ್ತಿದ್ದ, ಪುಟ್ಟತಾಯಮ್ಮನ ಅಜ್ಜಿ ಬಸ್ಸು ಮರೆಯಾಗುವತನಕ ಕದಲುತ್ತಿರಲಿಲ್ಲ, ಹರಟೆಯೆಂದು ಅವನ್ನೆಲ್ಲ ಪ್ರಬಂಧದಿಂದ ತಾನೇ ಕತ್ತರಿಸಿದ್ದಳಲ್ಲ, ಮತ್ತೆ ಇದೇ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ, ಪ್ರತಿ ರಜ ಮುಗಿದು ತಾನು ಹಾಸ್ಟೆಲಿಗೆ ಹೊರಟಾಗಲೂ, ಕಿಟಕಿಯ ಜೊತೆಜೊತೆಗೇ ಓಡುತ್ತಿದ್ದ ಅವ್ವ, ಓದ್ಕೋ ಮಗ, ಸರ್ಯಾಗ್ ಉಣ್ಣು ಮಗ, ಸಾಕು ಓಗವ್ವ ಎಲ್ರೂ ನೋಡ್ತವ್ರೆ ಎಂದು ನಾಚಿಕೊಂಡಿದ್ದಳು ತಾನು — ಬೆರಳು ಕೀಬೋರ್ಡಿನ ಮೇಲೆ ತಾನಾಗಿ ಆಡಿತು, ಓದು ಮುಂದುವರಿಸಿದ ಹುಡುಗಿಯರನ್ನು ಯಾರೋ ಒಬ್ಬರು ಪ್ರತಿ ಸಲವೂ ಬಸ್ಸಿಗೆ ಹತ್ತಿಸಿದ್ದರು, ಬಿಟ್ಟವರನ್ನು — ಮುಂದಿನ ಪದ ಬರುತ್ತಿಲ್ಲ, ಕಣ್ಣ ಮುಂದೆ ಕೊಣನೂರಿನ ಬಿಸಿಲು, ರೈಟ್ ಅನ್ನಲು ಬಾಯಿ ತೆರೆದ ಕಂಡಕ್ಟರ್, ಎರಡು ಜಡೆಯ ಹುಡುಗಿ ಅವ್ವ ಟ್ರಂಕಿನ ಹಿಡಿಗೆ ಕೈ ಹಾಕಿದ್ದಾಳೆ, ಹಿಡಿಗೆ ಕೈ ಹಾಕಿದ್ದಾಳೆ, ಬಸ್ಸಿನ ಬಾಗಿಲು ಇನ್ನೂ ತೆರೆದಿದೆ