ತಾಳೆಯಾಗದ ಒಂದು ದಿನ

"ನಾನು ಮುಟ್ಟಲ್ಲ ಚಿಕ್ಕಮ್ಮ. ನೀವೇ ಸ್ನಾನ ಮಾಡ್ಸಿ," ಎಂದು ಮಿಚೆರೆ ಬಟ್ಟೆಯನ್ನು ವಾಂಗೇಚಿಯ ಕೈಗೆ ತುರುಕಿದಳು.

ಒಳಗೆ ಚಾಪೆಯ ಮೇಲೆ, ರಾತ್ರಿ ತೀರಿಕೊಂಡ ಮಿಚೆರೆಯ ತಾಯಿ ಮುರುಗಿಯ ದೇಹವಿತ್ತು. ಹಿತ್ತಲಲ್ಲಿ ನೀರು ಕಾಯುತ್ತಿತ್ತು.

"ಹೆತ್ತ ಮಗಳು ಇರೋವಾಗ ನಾನ್ಯಾಕೆ?"

"ತಮ್ಮ ಮುನೇನೆ ಸತ್ತ ದಿನ ಅವಳೆಲ್ಲಿದ್ಲು?"

ವಾಂಗೇಚಿ ಮೂಗು ಒರೆಸಿಕೊಂಡು, "ನನ್ನ ಮದುವೆಗೂ ತಡವಾಗೇ ಬಂದ್ಲು ಕಣೆ. ಪಾದ್ರಿ ಕಾದ್ರು, ಅವಳ ತೊಟ್ಟಿ ಕಾಯ್ಲಿಲ್ಲ," ಎಂದಳು. ನಗಲು ಹೋದವಳಿಗೆ ಅಳು ಬಂತು.

*

ಮ್ವೇಯಾದ ಭತ್ತದ ಗದ್ದೆಗಳ ನಡುವೆ, ತಂತಿಬೇಲಿಯೊಳಗೆ, ಅಗಲವಾದ ತಗಡಿನ ತೊಟ್ಟಿ. ನಡುವೆ ನೀರಿನ ಮಟ್ಟ ತೋರಿಸುವ ಒಂದು ಕಬ್ಬಿಣದ ಮೊನೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆ ಮೊನೆ ಮುಳುಗುವಷ್ಟು ನೀರನ್ನು ಅಳೆದು ಹೊಯ್ದು, ಹಿಂದಿನ ದಿನ ಬಿಸಿಲು ಎಷ್ಟು ಕುಡಿಯಿತೆಂದು ಮುರುಗಿ ನೀರಾವರಿ ಕಚೇರಿಗಾಗಿ ಬರೆಯುತ್ತಿದ್ದಳು. ನಾಯಿ, ಕೊಕ್ಕರೆ, ಮಕ್ಕಳು ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಅದರಲ್ಲಿ ಒಂದೇ ಒಂದು ಸಲ ಇಳಿಯುತ್ತೇನೆಂದು ಐದು ವರ್ಷದ ಮುನೇನೆ ಹಟ ಹಿಡಿದಾಗ ಅವನ ಕೆನ್ನೆಗೆ ಬಾರಿಸಿದ್ದಳು.

ಜ್ವರದಲ್ಲಿ ಅವನು ಹೋದ ಬೆಳಿಗ್ಗೆಯೂ ಒಂಬತ್ತಕ್ಕೆ ಮುರುಗಿ ತೊಟ್ಟಿಯ ಕಡೆಗೆ ಎದ್ದು ಹೋದಳು. ಹನ್ನೆರಡು ವರ್ಷದ ಮಿಚೆರೆ ತಮ್ಮನ ತಣ್ಣನೆಯ ಕೈ ಹಿಡಿದು ಒಬ್ಬಳೇ ಕೂತಿದ್ದಳು. ತಾಯಿ ತಲೆಯ ಮೇಲೆ ನೀರಿನ ಬಕೆಟ್ ಹೊತ್ತು ಬಂದು, ಅವಳನ್ನೂ ಆಚೆ ಕಳಿಸಿ, ಬಾಗಿಲು ಹಾಕಿಕೊಂಡು ಅವನಿಗೆ ಸ್ನಾನ ಮಾಡಿಸಿದಳು.

*

ಅಂಗಳಕ್ಕೆ ನೀರಾವರಿ ಕಚೇರಿಯ ಇಂಜಿನಿಯರ್ ಎನ್‌ಜಾಗಿ ಬಂದ. ಕಂಕುಳಲ್ಲಿ ಮುರುಗಿಯ ಲೆಕ್ಕದ ಹಳೆಯ ಪುಸ್ತಕ.

"ತಪ್ಪು ತಿಳೀಬೇಡಮ್ಮ. ಬೇಲಿ ಬೀಗದ ಕೈ ಬೇಕಿತ್ತು. ಇವತ್ತು ಉಪಗ್ರಹ ಈ ಕಡೆ ಹಾಯುತ್ತೆ."

"ಆಕಾಶದಿಂದಲೇ ಎಲ್ಲ ಕಾಣುತ್ತಲ್ಲ. ತೊಟ್ಟಿ ಯಾಕೆ?"

"ಅದು ನೆಲದ ಬಿಸಿ ನೋಡಿ ಎಷ್ಟು ನೀರು ಆವಿಯಾಯ್ತು ಅಂತ ಅಂದಾಜು ಮಾಡುತ್ತೆ. ಆ ಅಂದಾಜು ಸರಿಯೋ ತಪ್ಪೋ ನೋಡೋಕೆ ನಮಗೆ ನಿಮ್ಮಮ್ಮನ ಬರಹವೇ ಬೇಕು. ಇಷ್ಟು ವರ್ಷದಲ್ಲಿ ಒಂದೇ ದಿನ ತಾಳೆಯಾಗಿಲ್ಲ." ಅವನು ಪುಟ ತೆರೆದ. "ಆಕಾಶದ ಲೆಕ್ಕ ಆರು ಮಿಲಿಮೀಟರ್. ಇವರದು ಹದಿನಾಲ್ಕು. ಕೇಳಿದ್ರೆ, 'ಮೊನೆ ತೋರಿಸಿದ್ದನ್ನೇ ಬರ್ದಿದ್ದೀನಿ' ಅಂದ್ರು. ತಪ್ಪು ಅಂತ ಆ ದಿನವನ್ನೇ ಬಿಟ್ವಿ."

ಮಿಚೆರೆ ತಾರೀಖು ನೋಡಿದಳು. ಮತ್ತೊಮ್ಮೆ ನೋಡಿದಳು. ಮುನೇನೆ ಹೋದ ದಿನ.

"ಎಂಟು ಹೆಚ್ಚು ಅಂದ್ರೆ ಎಷ್ಟು ನೀರು?"

"ಆ ತೊಟ್ಟಿಯಲ್ಲೇ? ಒಂದು ಬಕೆಟ್ಟು."

ಮಿಚೆರೆ ಒಳಗೆ ಹೋಗಿ, ತಾಯಿಯ ಕೊರಳ ದಾರದಿಂದ ಬೀಗದ ಕೈ ಬಿಚ್ಚಿದಳು. ಬೆರಳು ತಾಯಿಯ ಕತ್ತಿಗೆ ತಾಗಿತು. ತಕ್ಷಣ ತೆಗೆಯಲಿಲ್ಲ.

"ಚಿಕ್ಕಮ್ಮ, ಆ ಬಿಸಿನೀರು ಬೇಡ. ನಾನು ತರ್ತೀನಿ. ನಾನೇ ಮಾಡಿಸ್ತೀನಿ."

ಒಂಬತ್ತಕ್ಕೆ ಬೇಲಿಯ ಬಾಗಿಲು ತೆರೆಯಿತು. ಅವಳು ತೊಟ್ಟಿಯಲ್ಲಿ ಬಕೆಟ್ ಅದ್ದಿದಾಗ "ಅಯ್ಯೋ" ಎಂದು ಕೈ ಚಾಚಿದ ಎನ್‌ಜಾಗಿ, ಅವಳ ಮುಖ ಕಂಡು ಕೈ ಹಿಂತೆಗೆದ.

"ಎಷ್ಟು ಅಂತ ಬರೀಲಿ?" ಎಂದ, ಬಹಳ ಮೆಲ್ಲಗೆ.

"ಮೊನೆ ತೋರಿಸಿದ್ದನ್ನೇ ಬರೀರಿ."

ಅವಳು ಬಕೆಟ್ ತಲೆಗೇರಿಸಿ ಗದ್ದೆಯ ಬದುವಿನ ಮೇಲೆ ನಡೆದಳು. ತೊಟ್ಟಿಯಲ್ಲಿ ಅಲೆ ನಿಂತಿತು. ಒದ್ದೆ ಮೊನೆ ನೀರಿನ ಮೇಲೆ ಒಂದು ಬೆರಳಗಲದಷ್ಟು ಎದ್ದು, ಬಿಸಿಲಿಗೆ ಮಿನುಗುತ್ತಿತ್ತು.