ಬ್ಯಾಟಿ ನಾಯಿಯ ಪಥ್ಯ

ಪೇರಲ ಹಣ್ಣಿನ ವಾಸನೆ, ಮತ್ತೆ ಬಂತು ನೋಡು, ಕ್ರೂಸರ್ ಗಾಡಿಯ ಎರಡೂ ಕಿಟಕಿ ತೆಗೆದಿವೆ, ಮುಂದೆ ತೆವಳುತ್ತಿರುವ ಕಬ್ಬಿನ ಟ್ರ್ಯಾಕ್ಟರಿನ ಹೊಗೆಯೆಲ್ಲ ಒಳಗೆ ನುಗ್ಗುತ್ತಿದೆ, ಆ ಹೊಗೆಯ ಮೇಲೂ ತೇಲಿ ಬರುತ್ತದೆ, ಬಲಿತು, ಕಳಿತು, ನಾಳೆಗೆ ಹುಳ ಬೀಳುವ ಪೇರಲದ ವಾಸನೆ, ಭೀಮಶಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಮಗಳ ಬಾಯಿಂದ, ಹತ್ತೊಂಬತ್ತರ ವೈಶಾಲಿಯ ತೆರೆದ ಬಾಯಿಂದ, ಮತ್ತು ಅವಳು ಪೇರಲ ತಿಂದಿಲ್ಲ, ತಿಂದಿಲ್ಲವೆಂದು ಅವನಿಗೆ ಗೊತ್ತಾಗಿ ಇನ್ನೂ ಒಂದು ತಾಸು ತುಂಬಿಲ್ಲ. ಸಕ್ಕರಿ ಕಾಯಿಲೆರೀ, ಅಂದಿದ್ದರು ಮುಧೋಳದ ಡಾಕ್ಟರು, ಸಣ್ಣ ವಯಸ್ಸಿನಾವ್ರಿಗೂ ಬರತೈತಿ, ತಿಂದಿದ್ದು ಒಂದೂ ಮೈಗೆ ಹತ್ತಿಲ್ಲ, ರಕ್ತದಾಗ ಸಕ್ಕರಿ ಐನೂರು ದಾಟೈತಿ, ಮೈ ತನ್ನನ್ನ ತಾನ ತಿಂದು ಇಷ್ಟು ದಿನ ಜೀವಾ ಹಿಡದೈತಿ, ಅದಕ್ಕ ಬಾಯಿ ಹಿಂಗ ಹಣ್ಣಿನಂಗ ನಾರತೈತಿ, ಎಷ್ಟು ದಿನಾತು ಇಕಿ ಸೊರಗಾಕತ್ತು? — ಎಷ್ಟು ದಿನ ಅಂದರೆ ಏನು ಹೇಳುವುದು, ಒಂದು ತಿಂಗಳಿಂದ ರನ್ನ ಬೆಳಗಲಿಯ ಓಣಿ ಓಣಿ ತಿರುಗಿ ಅವನೇ ಹೇಳಿಕೊಂಡು ಬಂದಿದ್ದ, ಒಂಬತ್ತು ಕಿಲೋ ಇಳಿಸ್ಯಾಳ ನನ್ನ ಮಗಳು ಅಂತ, ಡಾಕ್ಟರ ಮುಂದೆಯೂ ಬಾಯಿಗೆ ಅದೇ ಬಂತು, ಒಂಬತ್ತು ಕಿಲೋ ಇಳಿಸ್ಯಾಳರಿ ಅಂದ, ಅಭಿಮಾನದಿಂದಲೇ ಅಂದುಬಿಟ್ಟ, ಡಾಕ್ಟರು ಬರೆಯುತ್ತಿದ್ದ ಪೆನ್ನು ಎತ್ತಿ ಅವನ ಮುಖ ನೋಡಿದರು, ನೋಡಿ ಮತ್ತೆ ಬರೆದರು. ಬಾಗಲಕೋಟಿಗೆ ಒಯ್ರಿ, ನನ್ನ ಕೈಲೆ ಆಗೂದಿಲ್ಲ, ಮತ್ತ ಕೇಳ್ರಿ, ಬಾಯಾಗ ಒಂದ ಹನಿ ನೀರೂ ಹಾಕಬ್ಯಾಡ್ರಿ, ಪೂರಾ ಎಚ್ಚರಿಲ್ಲ ಅಕಿಗೆ, ನೀರು ಉಸಿರಿನ ನಳಿಗೆ ಹೋದ್ರ ದಾರ್ಯಾಗ ಮುಗೀತದ. ಸಲೈನಿನ ಬಾಟಲಿಯನ್ನು ಸುಂದರವ್ವ ಎತ್ತಿ ಹಿಡಿದಿದ್ದಾಳೆ, ಕೊಡು ಇಲ್ಲೆ ಅಂದರೆ ಕೊಡುವುದಿಲ್ಲ, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ಒಂದು ಬಾಟಲಿ ಅವನ ಕೈಗೆ ನಂಬಿ ಕೊಡುವುದಿಲ್ಲ.

ಹಾರ್ನು ಹೊಡೆದೂ ಹೊಡೆದೂ ಗಾಡಿ ಓಡಿಸುತ್ತಿರುವ ಅಮಸಿದ್ದಪ್ಪನ ಅಂಗೈ ಕೆಂಪಾಗಿರಬೇಕು, ಸರೀಲೇ ಮಗನ, ಪೇಷಂಟ ಅದಾಳ, ಎರಡ ಟ್ರ್ಯಾಲಿ ಕಟಗೊಂಡು ರೋಡ ನಿಮ್ಮಪ್ಪಂದು ಮಾಡೀಯೇನ — ಮುಂದಿನವನಿಗೆ ಕೇಳುವುದೆಲ್ಲಿ, ಅವನ ಡೆಕ್ಕಿನಲ್ಲಿ ಹಾಡು ಬೊಬ್ಬಿರಿಯುತ್ತಿದೆ, ಕಾರ್ಖಾನೆ ಶುರುವಾದ ಮೇಲೆ ಲೋಕಾಪುರದ ತನಕ ಇದೇ ಕಥೆ, ಟ್ರ್ಯಾಲಿಯಿಂದ ಕಬ್ಬು ಜಾರಿ ಬಿದ್ದರೆ ಶಾಲೆಯ ಹುಡುಗಿಯರು ಆಯ್ದು ಹಲ್ಲಿನಿಂದ ಸುಲಿಯುತ್ತಾರೆ, ವೈಶಾಲಿಯೂ ಸುಲಿಯುತ್ತಿದ್ದಳು, ಆ ರೂಢಿ ಅವನೇ ಬಿಡಿಸಿದ, ಸಿಹಿ ಮುಟ್ಟಿದರೆ ಕಾಲು ಭಾರ. ಕಾಲು ಈಗ ಎಷ್ಟು ಹಗುರ, ಸೀಟಿನ ತುದಿಯಲ್ಲಿ ಎರಡು ಜೋಳದ ದಂಟು ಇಟ್ಟ ಹಾಗೆ ಇವೆ, ಗಾಡಿ ಕುಲುಕಿದಾಗ ಅಂಗಿ ಸರಿದು ಪಕ್ಕೆ ಕಾಣಿಸಿತು, ಮತ್ತು ಕಣ್ಣು ಎಣಿಸಿಬಿಟ್ಟಿತು, ಒಂದು, ಎರಡು, ಮೂರು, ನಾಕು, ಐದು, ಬೇಡ ಅಂದರೂ ಎಣಿಸುವ ಕಣ್ಣು ಇದು, ಅಪ್ಪನಿಂದ ಬಂದದ್ದು, ಅವರಪ್ಪನಿಂದ ಅವನಿಗೆ ಬಂದದ್ದು. ಸುಂದರವ್ವ ನೋಡಿದಳು ಅವನು ನೋಡುವುದನ್ನು. ಎಣಸ್ರಿ, ಅಂದಳು, ಎಷ್ಟ ಅದಾವ ಸರಿಯಾಗಿ ಎಣಸ್ರಿ, ಊರಾಗ ಹೇಳಾಕ ಬೇಕಲ್ಲ.

ಬೇಟೆಯ ನಾಯಿಗೆ ಕಡೆಯ ಮೂರು ಪಕ್ಕೆಲುಬು ಕಾಣಬೇಕು, ಸೊಂಟದ ಎರಡು ಗೂಟ ಕಾಣಬೇಕು, ಎರಡೇ ಎಲುಬು ಕಂಡರೆ ನಾಯಿಗೆ ಸೊಕ್ಕು, ನಾಲ್ಕು ಕಂಡರೆ ಹಸಿವು, ಮೂರು ಕಂಡರೆ ಮೊಲ ನಿನ್ನದು — ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ಅಪ್ಪ ಹೇಳಿಕೊಟ್ಟ ಪಾಠ, ಅಕ್ಷರ ಬರುವ ಮೊದಲೇ ಬಂದದ್ದು. ಆಗ ಕುರಿ ಇದ್ದವು, ಬೀಳಗಿಯ ಕಡೆ ಹೊಳೆದಂಡೆಯ ಹುಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರು, ಹಿನ್ನೀರು ಬಂದು ಆ ಹುಲ್ಲೆಲ್ಲ ನೀರಿನಡಿಗೆ ಹೋದ ಮೇಲೆ ಕುರಿ ಮಾರಿದರು, ನಾಯಿ ಉಳಿದವು, ನಾಯಿಗಿಂತ ಹೆಚ್ಚು ನಾಯಿಯ ಪಥ್ಯ ಉಳಿಯಿತು. ಭೀಮಶಿಯ ಹೆಸರು ನಡೆದದ್ದೇ ಆ ಪಥ್ಯದ ಮೇಲೆ. ಜಮಖಂಡಿಯಿಂದ ಪಗಾರದ ಮಂದಿ ಮರಿ ನೋಡುವುದಕ್ಕೆ ಬರುತ್ತಿದ್ದರು, ಕಾರಿನಿಂದ ಇಳಿಯುವುದಕ್ಕೇ ಎರಡು ಸಲ ಉಸಿರು ಬಿಡುವವರು, ರಬಕವಿಯ ಜ್ಞಾನೇಶ್ವರ ಮಾಸ್ತರರಂತೂ, ಅವರಿಗಿಂತ ಮೊದಲು ಅವರ ಹೊಟ್ಟೆ ಬಾಗಿಲಲ್ಲಿ ಹಾಜರಿ ಹಾಕುತ್ತಿತ್ತು, ಭೀಮಶಿ, ನಿನ್ನ ನಾಯಿ ನೋಡಿದ್ರ ನನಗ ನಾಚಿಕಿ ಬರತೈತೋ, ಅಂದರು ಒಂದು ದಿನ, ಇವನು ನಕ್ಕು, ನಾಯಿಗೂ ನಿಮಗೂ ಒಂದ ಮದ್ದು ಐತಿ ಮಾಸ್ತರ, ಮಾಡತೀರೇನು, ಅಂದ. ಹೊತ್ತು ಹುಟ್ಟುವ ಮುಂಚೆ ಏಳುವುದು, ಹೊತ್ತು ಮುಳುಗಿದ ಮೇಲೆ ಬಾಯಿ ಮುಚ್ಚುವುದು, ಒಂದು ತೆಳ್ಳನೆಯ ರೊಟ್ಟಿ, ಬೆಣ್ಣೆ ತೆಗೆದ ಮಜ್ಜಿಗೆ, ಒಂದು ಮುಷ್ಟಿ ಮೊಳಕೆ ಮಡಿಕೆಕಾಳು, ಇನ್ನೊಂದು ತುತ್ತು ಬೇಕು ಅನ್ನುವಾಗ ತಾಟು ಬಿಟ್ಟು ಏಳುವುದು, ನೆಲದ ಮೇಲೆ ಕೂಡುವುದು, ನೆಲದ ಮೇಲೆ ಮಲಗುವುದು, ಕಾಲಿದ್ದವನು ಗಾಡಿ ಹತ್ತಬಾರದು, ನೀರು ಗುಟುಕು ಗುಟುಕು, ಗಡಿಗೆಗಟ್ಟಲೆ ಅಲ್ಲ. ಮಾಸ್ತರರು ಆರು ತಿಂಗಳಲ್ಲಿ ಬೆಲ್ಟಿಗೆ ಮೂರು ತೂತು ಹೊಸದಾಗಿ ಹೊಡೆಸಿದರು, ಸ್ಟಾಫ್ ರೂಮಿನಲ್ಲಿ ಇವನ ಹೆಸರು ಹೇಳಿದರು, ಪೇಟೆಯಿಂದ ಬಂದವರೆಲ್ಲ ನಾಯಿ ನೋಡಿ ಕಡೆಗೆ ತಮ್ಮ ಹೊಟ್ಟೆ ತೋರಿಸಿ ಹೋಗುವುದು ರೂಢಿಯಾಯಿತು, ಮತ್ತು ತಪ್ಪೇನಿತ್ತು ಅದರಲ್ಲಿ, ಒಳ್ಳೆಯ ಮಾತೇ ಎಲ್ಲ, ಉಂಡು ಕೆಟ್ಟವರಿಗೆ ಹೇಳುವ ಮಾತು, ಸೊಕ್ಕಿದ ಮೈಗೆ ಹೇಳಿದ್ದು, ಹಸಿದ ಮೈ ಬೇರೆ ಅಂತ ಮೂಗು ಹೇಳಬೇಕಿತ್ತು, ಕಣ್ಣು ಹೇಳಬೇಕಿತ್ತು.

ಅವಳೇ ಕೇಳಿದ್ದಳಲ್ಲ, ತಾನು ಹೇರಿದ್ದಲ್ಲ, ಅದನ್ನು ಯಾರಾದರೂ ಕೇಳಿದರೆ ಹೇಳಬೇಕು. ಪೊಲೀಸ್ ನೌಕರಿಗೆ ಅರ್ಜಿ ಹಾಕಿದ ದಿನ ಅಂಗಳಕ್ಕೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ತುಂಬಿದ ಗಲ್ಲ, ನಕ್ಕರೆ ಕಣ್ಣು ಮುಚ್ಚಿಹೋಗುವ ಗಲ್ಲ, ಅಪ್ಪಾ, ನಾಕನೂರು ಮೀಟರ ಓಡಬೇಕಂತ, ನಿನ್ನ ನಾಯಿ ಹಂಗ ನನ್ನ ತಯಾರು ಮಾಡು, ಮಾಡತೀ ಇಲ್ಲ? ಮೊದಲ ದಿನ ಕಾಲುವೆಯ ದಂಡೆಯ ಮೇಲೆ ಅರ್ಧಕ್ಕೇ ಕುಳಿತುಬಿಟ್ಟಳು, ಅಮಸಿದ್ದಪ್ಪ ಅತ್ತ ಹೊರಟಿದ್ದವನು, ಇದು ಬ್ಯಾಟಿ ನಾಯಿ ಅಲ್ಲೋ ಭೀಮಶಿ, ಹಾಲ ಎಮ್ಮಿ, ಅಂತ ನಕ್ಕು ಹೋದ, ಅವಳೂ ನಕ್ಕಳು, ಇವನು ನಗಲಿಲ್ಲ. ಎರಡು ತಿಂಗಳು ಸರಿಯಾಗಿಯೇ ನಡೆಯಿತು, ಗಲ್ಲ ಸ್ವಲ್ಪ ಇಳಿಯಿತು, ಕಾಲು ಗಟ್ಟಿಯಾಯಿತು, ಮೂರನೆಯ ತಿಂಗಳು ತಕ್ಕಡಿಯ ಮುಳ್ಳು ಜಾರತೊಡಗಿತು, ವಾರಕ್ಕೆ ಎರಡು ಕಿಲೋ, ಎರಡೂವರೆ, ಆಹಾ ಅನಿಸಿತು, ಯಾವ ನಾಯಿಯೂ ಇಷ್ಟು ಚೆಂದ ಪಥ್ಯಕ್ಕೆ ಬಗ್ಗಿರಲಿಲ್ಲ, ಬೆವರಿಗೆ ಅಂಟಿದ ಅಂಗಿಯ ಬೆನ್ನಿನಲ್ಲಿ ಮೂರು ಗೆರೆ ಕಂಡ ದಿನ ಅವನು ಬೀರಪ್ಪನಿಗೆ ಕಾಯಿ ಒಡೆಸಿದ. ನಾಲ್ಕನೆಯದು ಕಂಡ ದಿನ ಬೆಳಕು ಓರೆಯಾಗಿ ಬಿದ್ದಿದೆ ಅಂದುಕೊಂಡ. ಅದೇ ಗೆರೆ ಒಂದು ನಾಯಿಯ ಮೈಮೇಲೆ ಕಂಡಿದ್ದರೆ ಅವತ್ತೇ ಎರಡು ಮೊಟ್ಟೆ ಒಡೆದು ಹಾಕುತ್ತಿದ್ದ, ಹೌದು, ಹಾಕುತ್ತಿದ್ದ, ನಾಯಿಗೆ.

ಇಕಿ ನೀರ ಕುಡಿಯೂದು ನೋಡೀರೇನು, ಅಂದಿದ್ದಳು ಸುಂದರವ್ವ ರೊಟ್ಟಿ ಬಡಿಯುತ್ತ, ರಾತ್ರೆಲ್ಲಾ ಏಳತಾಳ, ಗಡಿಗಿ ಬರಿದು ಮಾಡತಾಳ, ಹೊರಗ ಹೋಗಿ ಬರತಾಳ, ಮತ್ತ ಗಡಿಗಿಗೆ ಬರತಾಳ, ನನಗ ಯಾಕೋ ಛಲೋ ಕಾಣವಲ್ದು. ನೀರಿನ ಚಟ ಅದು, ಅಂದ ಇವನು, ಹೊಟ್ಟೆ ಹಸಿದದ್ದನ್ನು ನೀರಿನಿಂದ ಮೋಸ ಮಾಡುತ್ತಾಳೆ, ನೀರು ತುಂಬಿದ ನಾಯಿ ಓಡುವುದಿಲ್ಲ, ಹೊಟ್ಟೆ ಜೋಲುತ್ತದೆ, ಪರೀಕ್ಷೆಗೆ ಉಳಿದದ್ದು ಇಪ್ಪತ್ತು ದಿನ, ಅವತ್ತಿನಿಂದ ಸಂಜೆಯೇ ಗಡಿಗೆ ಬೋರಲು ಹಾಕಿದ, ಬೆಳಿಗ್ಗೆ ಓಡಿ ಬಂದ ಮೇಲೆ ಒಂದು ಚರಿಗೆ, ಮಧ್ಯಾಹ್ನ ಒಂದು, ಅಪ್ಪಾ ನೀರ, ಬ್ಯಾಡ, ಅಪ್ಪಾ ಒಂದ ಗುಟುಕು, ಬ್ಯಾಡ ಅಂದ್ನೆಲ್ಲ, ಸರಕಾರಿ ನೌಕರಿ ಬೇಕೋ ನೀರು ಬೇಕೋ. ಸಿಟ್ಟಿನಿಂದ ಹೇಳಿದ್ದಲ್ಲ, ಪ್ರೀತಿಯಿಂದ, ಅವನ ಪ್ರೀತಿಗೆ ಗೊತ್ತಿದ್ದ ಭಾಷೆ ಅದೊಂದೇ. ಮೊನ್ನೆ ನಸುಕಿನಲ್ಲಿ ಅಂಗಳದ ಆ ಮೂಲೆಯಲ್ಲಿ, ನಾಯಿಗಳು ನೀರು ಕುಡಿಯುವ ಕಲ್ಲಿನ ಡೋಣಿಯ ಹತ್ತಿರ, ಏನೋ ಬಗ್ಗಿದ ಹಾಗೆ — ಬೇಡ, ಅದು ಬೇಡ, ಗಾಡಿ ಎಲ್ಲಿ ಬಂತು, ಅಮಸಿದ್ದಾ, ಎಲ್ಲಿ ಬಂತೋ? ಲೋಕಾಪುರ ದಾಟೇತಿ, ಸುಮ್ಮ ಕೂಡು, ಅಂದ ಅಮಸಿದ್ದಪ್ಪ, ಹಿಂತಿರುಗಿ ನೋಡಲಿಲ್ಲ.

ಇವತ್ತು ಬೆಳಿಗ್ಗೆಯೂ ಕಾಲುವೆಯ ದಂಡೆ, ಇವನು ಸೈಕಲ್ಲಿನ ಮೇಲೆ, ಅವಳು ಮುಂದೆ, ಓಟ ಎಂಥದು, ಕುಡಿದವರ ಹಾಗೆ ಕಾಲು ಎಲ್ಲೆಲ್ಲೋ ಬೀಳುತ್ತಿತ್ತು, ನಿಂತು ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಟ್ಟಳು, ದೊಡ್ಡ ದೊಡ್ಡ ಉಸಿರು, ಹತ್ತಿರ ಹೋದರೆ ಮೂಗಿಗೆ ಹೊಡೆಯಿತು ಪೇರಲ. ಈ ಮೂಗಿಗೆ ಯಾರೂ ಸುಳ್ಳು ಹೇಳಲಾರರು, ಯಾವ ನಾಯಿ ಯಾರ ಮನೆಯ ಎಂಜಲು ತಿಂದು ಬಂದಿದೆ ಅಂತ ಬಾಯಿ ಮೂಸಿ ಹೇಳುವ ಮೂಗು. ಪ್ಯಾರಲ ಹಣ್ಣು ಎಲ್ಲಿ ತಿಂದೀ? ಇಲ್ಲಪ್ಪಾ. ಸುಳ್ಳ ಬೊಗಳಬ್ಯಾಡ, ಬಾಯಿ ನಾರಾಕತ್ತೈತಿ. ಬೀರಪ್ಪನ ಆಣಿ ಅಪ್ಪಾ, ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಹೊಟ್ಟಿ ತೊಳಸಾಕತ್ತೈತಿ. ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳುತ್ತಾಳೆ ಅಂತ ಅವನಿಗೆ ಉರಿದುಹೋಯಿತು, ತಿಂದದ್ದಕ್ಕಲ್ಲ, ಸುಳ್ಳಿಗೆ, ಕದ್ದು ತಿಂದ ನಾಯಿಗೆ ಏನು ಮಾಡುತ್ತಾನೋ ಅದನ್ನೇ ಮಾಡಿದ, ತಿಂದಿದ್ದು ಕರಗೂ ಮಟ ಓಡು, ಕಾಲುವಿ ಗೇಟಿನ ತನಾ ಹೋಗಿ ಬಾ, ಅಂದ. ಓಡಿದಳು. ಎದುರು ಮಾತಾಡಿದ್ದರೆ, ಒಲ್ಲೆ ಅಂದಿದ್ದರೆ, ಎಂದಿನ ಹಾಗೆ ಕಾಲು ನೆಲಕ್ಕೆ ಬಡಿದು ಅವ್ವನನ್ನು ಕರೆದಿದ್ದರೆ, ಆದರೆ ಓಡಿದಳು, ಗೇಟಿನ ಕಂಬ ಮುಟ್ಟಿದಳು, ಮುಟ್ಟಿದ್ದೇನೆ ನೋಡು ಅನ್ನುವ ಹಾಗೆ ಇವನ ಕಡೆ ಕೈ ಎತ್ತಿದಳು, ಹಾಗೇ ಮಡಿಸಿದ ಕೌದಿಯ ಹಾಗೆ ಕುಸಿದಳು. ಆಗಲೂ, ಆಗಲೂ ಅವನು ಸೈಕಲ್ಲು ಇಳಿದು ನಿಧಾನ ನಡೆದುಕೊಂಡು ಹೋದ, ನಾಟಕ ಬ್ಯಾಡ ಏಳು ಅಂದ. ಎತ್ತಿಕೊಂಡಾಗ ಗೊತ್ತಾಯಿತು, ಆರು ತಿಂಗಳ ನಾಯಿಮರಿಯ ಭಾರ, ಮತ್ತು ನಾಲಿಗೆ, ಒಣ ತೊಗಲಿನ ಹಾಗೆ ನಾಲಿಗೆ.

ಉಸಿರು ನೋಡ್ರಿ, ಅಂದಳು ಸುಂದರವ್ವ, ಉಸಿರು ಬ್ಯಾರೆ ಆಗೇತಿ. ಹೌದು, ಬೇರೆ ಆಗಿದೆ, ಮೊದಲಿನ ದೊಡ್ಡ ಉಸಿರು ಈಗ ನಡುವೆ ನಡುವೆ ನಿಂತು ಯೋಚಿಸಿ ಬರುತ್ತಿದೆ, ಗದ್ದನಕೇರಿ ಕ್ರಾಸ್ ಇನ್ನೂ ಬಂದಿಲ್ಲ, ಮುಂದೆ ಮತ್ತೊಂದು ಕಬ್ಬಿನ ಟ್ರ್ಯಾಲಿ, ಅದರ ಮುಂದೆ ಇನ್ನೊಂದು, ಅಮಸಿದ್ದಪ್ಪ ಗಾಡಿಯನ್ನು ರಸ್ತೆಯಿಂದ ಇಳಿಸಿ ಹೊಲದ ಬದುವಿನ ಮೇಲೆ ಓಡಿಸುತ್ತಿದ್ದಾನೆ, ಹಿಡ್ಕೋರಿ, ಹಿಡ್ಕೋರಿ, ಕುಲುಕಿಗೆ ವೈಶಾಲಿಯ ರೆಪ್ಪೆ ಅಲುಗಿತು, ಅಪ್ಪಾ, ಅಂದಳು, ನೀರ. ಭೀಮಶಿಯ ಕಾಲ ಬಳಿ ಎರಡು ಲೀಟರಿನ ಬಾಟಲಿ ಇದೆ, ಅವಳಿಗೆಂದೇ ಮನೆಯಿಂದ ಹೊರಡುವಾಗ ತುಂಬಿಸಿ ತಂದದ್ದು, ಘಟಪ್ರಭೆಯನ್ನೇ ತಂದು ಸುರಿಯಲಿಕ್ಕೆ ತಯಾರಿದ್ದಾನೆ, ಕೈ ಮುಚ್ಚಳದ ಮೇಲೆ ಹೋಯಿತು, ಸುಂದರವ್ವನ ಖಾಲಿ ಕೈ ಬಂದು ಆ ಕೈಯನ್ನು ಹಿಡಿಯಿತು, ಡಾಕ್ಟರ ಬ್ಯಾಡಂದಾರ, ಅಂದಳು, ಇಷ್ಟ ದಿನ ನೀವ ಅಂದ್ರಿ, ಇವತ್ತ ಒಂದ ದಿನ ಅವ್ರ ಅಂದಾರ, ಕೊಡಬ್ಯಾಡ್ರಿ. ಅಪ್ಪಾ ನೀರ. ಬ್ಯಾಡವ್ವಾ, ಅಂದ ಭೀಮಶಿ, ಬಾಯಿಂದ ಹೊರಟದ್ದು ಹದಿನೈದು ದಿನದ ಅದೇ ದನಿ, ಅದೇ ಬ್ಯಾಡ, ಮೆತ್ತಗೆ ಅನ್ನಬೇಕೆಂದರೂ ಗಂಟಲಿಗೆ ಬೇರೆ ದನಿ ಗೊತ್ತಿಲ್ಲ. ಅವಳು ಕಣ್ಣು ತೆರೆಯಲಿಲ್ಲ. ಆತಪ್ಪಾ, ಅಂದಳು, ಬೈಬ್ಯಾಡ, ಕುಡಿಯೂದಿಲ್ಲ, ಓಡತೇನಿ. ಪಾದ ಎರಡು ಸೀಟಿನ ತುದಿಯಲ್ಲಿ ಸ್ವಲ್ಪ ಅಲುಗಿದವು, ಆಮೇಲೆ ನಾಲಿಗೆ ಹೊರಗೆ ಬಂದು ಗಾಳಿಯನ್ನು ನೆಕ್ಕಿತು, ಒಮ್ಮೆ, ಮತ್ತೊಮ್ಮೆ, ಏನೂ ಸಿಗದೆ ಒಳಗೆ ಹೋಯಿತು, ಮುಂದಿನ ಉಸಿರಿಗಾಗಿ ಮೂವರೂ ಕಾದರು, ಕಬ್ಬಿನ ಸೋಗೆ ಕಿಟಕಿಗೆ ತಾಗಿ ಸರಸರ ಸರಸರ ಹಿಂದೆ ಹೋಯಿತು, ಮತ್ತು ಇನ್ನು, ಬೇಡ ಬೇಡವೆಂದ ಅದನ್ನು ತಳ್ಳುವುದಕ್ಕೆ ಅವನ ಬಳಿ ಬೇರೆ ಯಾವ ನೆನಪೂ ಉಳಿದಿರಲಿಲ್ಲ, ಮೊನ್ನೆಯ ನಸುಕು, ಅಂಗಳದ ಮೂಲೆ, ಕಲ್ಲಿನ ಡೋಣಿ, ಎರಡು ಮೊಣಕಾಲು ಊರಿ ಜಡೆ ನೀರಿನಲ್ಲಿ ಬಿದ್ದದ್ದೂ ತಿಳಿಯದೆ ಬಾಯಿ ಹಚ್ಚಿ ಕುಡಿಯುತ್ತಿರುವ ಮಗಳು, ಆ ಜಡೆಯನ್ನೇ ಹಿಡಿದು ಎಳೆಯಲು ದಾಪುಗಾಲು ಹಾಕುತ್ತಿರುವ ತಾನು, ಮತ್ತು ಅವಳ ಪಕ್ಕದಲ್ಲಿ ಪಾರಿ, ಆ ಹಿರಿಯ ಹೆಣ್ಣುನಾಯಿ, ಡೋಣಿಯ ಹತ್ತಿರ ತಾನು ಹೆತ್ತ ಮರಿ ಬಂದರೂ ಕಚ್ಚಿ ಓಡಿಸುವ ಪಾರಿ, ನೀರಡಿಸಿ ನಾಲಿಗೆ ಜೋಲುಬಿಟ್ಟಿದ್ದ ಪಾರಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು, ಹುಡುಗಿ ಕುಡಿದು ಮುಗಿಸಲಿ ಅಂತ, ಕಾಯುತ್ತ ನಿಂತಿದೆ.