ಹಿಮ್ಮಡಿಯ ದಾರ

ದೋಣಿ ರಿಪೇರಿ ಮಾಡುವ ಅಣ್ಣ ಆಗತಾನೇ ಕಾಲೇಜಿನ ದೋಣಿಮನೆಗೆ ಬಂದು ಅಂಗಿಯ ತೋಳು ಮಡಿಸುತ್ತಿದ್ದ. ಕಾವಲುಗಾರ ಏದುಸಿರು ಬಿಡುತ್ತ ಓಡಿ ಬಂದ.

"ಕೋಚ್ ಸಾಹೇಬ್ರ ದೋಣಿ ಮಗುಚಿದೆ. ಅವರು ಇನ್ನೂ ಅದ್ರಲ್ಲೇ ಇದಾರೆ."

'ಅದರಲ್ಲೇ' ಎಂಬ ಮಾತು ಕಿವಿಗೆ ಬಿದ್ದೊಡನೆ ಅಣ್ಣನಿಗೆ ಎಲ್ಲವೂ ತಿಳಿದುಹೋಯಿತು. ಕೋಚ್ ಅವನ ಸ್ವಂತ ತಮ್ಮ.

ಪಂದ್ಯದ ದೋಣಿಯಲ್ಲಿ ಕಾಲಿನ ಬೂಟುಗಳ ಮುಂಭಾಗವನ್ನು ಹಲಗೆಗೆ ತಿರುಪು ಹಾಕಿ ಕೂರಿಸಿರುತ್ತಾರೆ. ಬೂಟಿನ ಹಿಮ್ಮಡಿಯನ್ನು ಒಂದು ಗಟ್ಟಿ ದಾರ ಹಲಗೆಗೆ ಹಿಡಿದಿರುತ್ತದೆ. ದೋಣಿ ಮಗುಚಿದರೆ ಆ ದಾರ ಬೂಟನ್ನು ಹಿಡಿದಿಡುತ್ತದೆ, ಪಾದ ಜಾರಿ ಹೊರಬರುತ್ತದೆ. ದಾರವಿಲ್ಲದಿದ್ದರೆ ಹಿಮ್ಮಡಿಯೂ ಪಾದದ ಜೊತೆಗೇ ಎದ್ದು ಬರುತ್ತದೆ, ಬೂಟು ಕಾಲನ್ನು ಬಿಡುವುದಿಲ್ಲ. ಹಿಂದಿನ ಸಂಜೆ ತಮ್ಮನ ದೋಣಿಯ ಸವೆದ ದಾರಗಳನ್ನು ಬಿಚ್ಚಿದವನು ಅಣ್ಣನೇ. ಹೊಸದು ಕಟ್ಟುವ ಮೊದಲೇ ಪ್ರಾರ್ಥನೆಯ ಹೊತ್ತಾಯಿತೆಂದು ಎದ್ದು ಹೋದ. ರಿಪೇರಿಯಲ್ಲಿರುವ ದೋಣಿಯ ಮೂತಿಗೆ ಕೆಂಪು ಬಟ್ಟೆ ಕಟ್ಟುವುದು ಅಲ್ಲಿಯ ಪದ್ಧತಿ. ಮೂವತ್ತು ವರ್ಷ ತಪ್ಪದೆ ಕಟ್ಟಿದ ಕೈ ಅಂದು ಮರೆಯಿತು.

ತಮ್ಮ ಹನ್ನೆರಡು ವರ್ಷ ಪಂದ್ಯಗಳಲ್ಲಿ ಹುಟ್ಟು ಹಾಕಿದವನು. ದೇಶದ ತಂಡಕ್ಕೆ ಆಯ್ಕೆಯ ಪಂದ್ಯವನ್ನು ಗೇಣಿನಷ್ಟರಲ್ಲಿ ಸೋತು, ಒಂದು ವರ್ಷ ನೀರಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಾಲೇಜಿನ ಕೋಚ್ ಆದ. "ಗುರಿಗೆ ಬೆನ್ನು ತಿರುಗಿಸಿಕೊಂಡು ಗೆಲ್ಲೋ ಆಟ ಕಣ್ರೋ ಇದು, ನಾಚಿಕೆ ಪಡಬೇಡಿ" ಎಂದು ಮಕ್ಕಳನ್ನು ನಗಿಸುತ್ತಿದ್ದ. ಅವರ ದೋಣಿಗಳ ದಾರವನ್ನು ದಿನವೂ ಎಳೆದೆಳೆದು ನೋಡುತ್ತಿದ್ದ. ತನ್ನದನ್ನು ಮಾತ್ರ ನೋಡುತ್ತಿರಲಿಲ್ಲ. "ಅಣ್ಣ ಮುಟ್ಟಿದ್ದನ್ನ ನಾನು ಮತ್ತೆ ನೋಡಿದ್ರೆ ಅವನಿಗೆ ಅವಮಾನ" ಎನ್ನುತ್ತಿದ್ದ.

ತಮ್ಮ ಸತ್ತ ನಾಲ್ಕನೆಯ ದಿನ ಪ್ರಿನ್ಸಿಪಾಲರು ಅಣ್ಣನನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು.

"ಕೋಚ್ ತಾವೇ ಪರೀಕ್ಷೆ ಮಾಡದೆ ನೀರಿಗಿಳಿದ್ರು ಅಂತ ಬರೆದಿದೀವಿ. ಒಂದು ಸಹಿ ಹಾಕಿಬಿಡಿ. ಹೋದವರಿಗೆ ಇನ್ನೇನು ನೋವು?"

ಅಣ್ಣ ಪೆನ್ನು ಹಿಡಿದ. ಒಂದು ಗೀಟೆಳೆದರೆ ತಾನು ಪಾರು. ಆದರೆ ತಮ್ಮ ಎಂದೆಂದಿಗೂ ಅಜಾಗರೂಕ. ಪೆನ್ನು ಕೆಳಗಿಟ್ಟ.

"ಸತ್ತೋನ ತಲೆಗೆ ಕಟ್ಟೋದು ಸಲೀಸು ಸ್ವಾಮಿ, ಎದ್ದು ಬಂದು ಜಗಳ ಆಡಲ್ಲವಲ್ಲ. ದಾರ ಬಿಚ್ಚಿದೋನು ನಾನು. ಬಟ್ಟೆ ಕಟ್ಟದೆ ಹೋದೋನೂ ನಾನೇ. ಹಾಗೇ ಬರೀರಿ."

ಅಲ್ಲಿಂದ ನೇರವಾಗಿ ತಮ್ಮನ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು ಅವನ ಹೆಂಡತಿಗೂ ಹೇಳಿದ.

"ಮೂರು ದಿನ ನನ್ನೆದುರಿಗೇ ಕೂತು ಅತ್ರಲ್ಲ ಭಾವ. ಆಗ ಬಾಯಿ ಬರ್ಲಿಲ್ವಾ?"

"ಧೈರ್ಯ ಸಾಲಲಿಲ್ಲಮ್ಮ."

"ಅವರದೇ ತಪ್ಪು ಅಂದ್ಕೊಂಡು ನಾನೂ ಅವರನ್ನ ಬೈದೆ. ಹೆಣದ ಮುಂದೆ ನಿಂತು ಬೈದೆ. ನೀವು ಕೇಳಿಸ್ಕೊಂಡು ಸುಮ್ನಿದ್ರಿ. ಹೋಗಿ ಭಾವ, ಮತ್ತೆ ಬರಬೇಡಿ."

ಅವಳು ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ಮುಚ್ಚಿ ಚಿಲಕ ಹಾಕಿದಳು.

ಅಣ್ಣ ಮೆಟ್ಟಿಲ ಮೇಲೆ ಕುಳಿತು ಕೈಮುಗಿದ. ತನಗಾಗಿ ಏನನ್ನಾದರೂ ಬೇಡಲು ನಾಲಿಗೆ ಏಳಲಿಲ್ಲ.

"ದೇವರೇ, ಅವನು ನನ್ನನ್ನು ನಂಬಿ ಹೋದ. ಅವನ ಕಾಲುಗಳಿಗೆ ಬಿಡುಗಡೆ ಕೊಡು, ಅವನ ಉಸಿರಿಗೆ ನೆಮ್ಮದಿ ಕೊಡು. ನಿನ್ನ ಪಾದದಲ್ಲಿ ಆ ಜೀವ ತಣ್ಣಗಿರಲಿ."